ಆಕಾಶಕ್ಕೆಂದು ಕಟ್ಟಿದ ವಿಮಾನಕ್ಕೆ ನೆಲದ ಕೆಲಸ

(ಶಿವಮೊಗ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ನಿವೃತ್ತರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವ ಹುಡುಗರು ಮುಂದೆ ಬಂದು ಕೂತುಕೊಳ್ಳಿ, ಕುರ್ಚಿ ಖಾಲಿ ಇವೆ.

ನಾನು ಪೈಲಟ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ವಾಯುಪಡೆಯಲ್ಲಿ ನನ್ನದು ಆರ್ಮಮೆಂಟ್ ಕೆಲಸ. ಟ್ರಾಲಿಯಲ್ಲಿ ಬಂದ ಬಾಂಬನ್ನು ರೆಕ್ಕೆಯ ಕೆಳಗೆ ಅದನ್ನು ತೂಗುಹಾಕುವ ಪೈಲನ್‌ಗೆ ಏರಿಸುವುದು, ಅದನ್ನು ಸಿಡಿಸುವ ಫ್ಯೂಜ್ ಕೂರಿಸುವುದು, ಹೊರಡುವ ಮುಂಚೆ ಸೇಫ್ಟಿ ಪಿನ್ ಎಳೆದು ಪೈಲಟ್‌ಗೆ ತೋರಿಸುವುದು. ವಿಮಾನವನ್ನು ಕೆಳಗೆ ನಿಂತು ನೋಡಿದವನ ಮಾತು ಎಂದುಕೊಂಡು ಕೇಳಿ.

ಅಮೆರಿಕದವರು ಎಫ್-15 ಕಟ್ಟುತ್ತಿದ್ದ ಕಾಲದಲ್ಲಿ ಅವರಲ್ಲೊಂದು ಘೋಷಣೆ ಇತ್ತು: ನೆಲದ ದಾಳಿಗೆ ಅಂತ ಒಂದು ಪೌಂಡ್ ತೂಕವನ್ನೂ ಸೇರಿಸಕೂಡದು. ವಿಯೆಟ್ನಾಂನಲ್ಲಿ ಎಲ್ಲ ಕೆಲಸಕ್ಕೂ ಒಂದೇ ವಿಮಾನ ಅಂತ ಹೋಗಿ ಪೆಟ್ಟು ತಿಂದಿದ್ದರು. ಈ ಸಲ ಶತ್ರುವಿನ ವಿಮಾನ ಹೊಡೆಯುವುದೊಂದೇ ಗುರಿ, ಬೇರೇನೂ ಬೇಡ ಎಂಬ ಹಟ. 1972ರ ಜುಲೈಯಲ್ಲಿ ಅದು ಮೊದಲು ಹಾರಿತು. 1985ರ ಅಕ್ಟೋಬರ್ 1ರಂದು ಇಸ್ರೇಲ್ ಅದೇ ಜಾತಿಯ ವಿಮಾನಗಳನ್ನು ಸುಮಾರು 2,000 ಕಿ.ಮೀ. ದೂರ ಕಳಿಸಿ, ನಡುದಾರಿಯಲ್ಲಿ ಗಾಳಿಯಲ್ಲೇ ಇಂಧನ ತುಂಬಿಸಿ, ಟ್ಯುನಿಸ್‌ನಲ್ಲಿದ್ದ ಪಿಎಲ್ಒ (ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ) ಕಚೇರಿಯ ಮೇಲೆ ಬಾಂಬ್ ಹಾಕಿಸಿತು. ಮರುವರ್ಷ ಅಮೆರಿಕದವರದೇ ಎಫ್-15ಇ ಹಾರಿತು. ಇಬ್ಬರು ಕೂರುವ, ಹತ್ತು ಟನ್ ಮೀರಿ ಹೊರೆ ಹೊರುವ, ಬಾಂಬಿಗೆಂದೇ ತಿದ್ದಿದ ವಿಮಾನ. ಒಂದು ಪೌಂಡ್ ಬೇಡ ಎಂದವರೇ ಹತ್ತು ಟನ್ ಹೇರಿದರು.

ಈ ಎಫ್-15ಇ ಬಗ್ಗೆ ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. 1991ರ ಕೊಲ್ಲಿ ಯುದ್ಧದಲ್ಲಿ ಅದು ಗಾಳಿಯಲ್ಲಿ ಹೊಡೆದುರುಳಿಸಿದ್ದು ಒಂದೇ ಒಂದು, ಅದೂ ಇರಾಕಿ ಹೆಲಿಕಾಪ್ಟರ್. ಹೊಡೆದದ್ದು ಕ್ಷಿಪಣಿಯಿಂದಲ್ಲ, ಗನ್ನಿನಿಂದಲೂ ಅಲ್ಲ. ಲೇಸರ್ ಬಾಂಬ್‌ನಿಂದ! ಆಗಸದ ಯೋಧನ ವಂಶದಲ್ಲಿ ಹುಟ್ಟಿ, ಆಗಸದ ಬೇಟೆಯನ್ನೂ ನೆಲಕ್ಕೆ ಹಾಕುವ ಬಾಂಬಿನಿಂದಲೇ ಮಾಡಿತು.

ಯಾಕೆ ಹೀಗಾಗುತ್ತದೆ? ಆಕಾಶಕ್ಕೆಂದು ಕಟ್ಟಿದ್ದು ಕೊನೆಗೆ ನೆಲದ ಕೆಲಸಕ್ಕೇ ಯಾಕೆ ಬೀಳುತ್ತದೆ? ಬಜೆಟ್ ಕಡಿಮೆ, ಅದಕ್ಕೆ ಎಂದು ಹೇಳಿ ಮುಗಿಸುವವರಿದ್ದಾರೆ. ಅದೂ ನಿಜವೇ. ಆದರೆ ಆಕಾಶದ ಒಡೆತನ ಗಳಿಸುವ ಕೆಲಸ ಅರ್ಧಕ್ಕರ್ಧ ನೆಲದ ಮೇಲೆಯೇ ಇದೆ ಎನ್ನುವುದು ನನ್ನ ಉತ್ತರ. ಶತ್ರುವಿನ ವಿಮಾನವನ್ನು ಗಾಳಿಯಲ್ಲಿ ಹುಡುಕಿ ಹೊಡೆಯುವುದು ಕಷ್ಟ. ಅದು ರಾತ್ರಿ ಎಲ್ಲಿ ನಿಂತಿರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು.

1967ರ ಜೂನ್ 5ರ ಬೆಳಿಗ್ಗೆ ಇಸ್ರೇಲ್ ಮಾಡಿದ್ದು ಅದನ್ನೇ. ಫ್ರಾನ್ಸಿನಿಂದ ತಂದ ಮಿರಾಜ್ 3 ವಿಮಾನಗಳು ಮೂಲದಲ್ಲಿ ಇಂಟರ್ಸೆಪ್ಟರ್‌ಗಳು, ಅಂದರೆ ಬರುವ ಬಾಂಬರ್‌ಗಳನ್ನು ತಡೆಯಲು ಮೇಲೇರುವವು. ಅವಕ್ಕೂ ಬಾಂಬ್ ಕಟ್ಟಿ ಈಜಿಪ್ಟಿನ ವಾಯುನೆಲೆಗಳ ಮೇಲೆ ಕಳಿಸಿದರು. ಆ ದಿನ ಈಜಿಪ್ಟಿನ ಸುಮಾರು 300 ವಿಮಾನಗಳು ನಾಶವಾದವು, ಬಹುಪಾಲು ನಿಂತಲ್ಲೇ.

ನಮ್ಮವರು 1971ರಲ್ಲಿ ಢಾಕಾದ ತೇಜಗಾಂವ್ ರನ್‌ವೇಗೆ ಮಾಡಿದ್ದೂ ಅದೇ. ಮಿಗ್-21 ಮೂಲದಲ್ಲಿ ಎತ್ತರದಲ್ಲಿ ಬರುವ ಬಾಂಬರ್‌ಗಳನ್ನು ಓಡಿಹೋಗಿ ಹೊಡೆಯಲು ಸೋವಿಯತ್‌ನವರು ಮಾಡಿದ ವಿಮಾನ. ಚಿಕ್ಕ ರೆಕ್ಕೆ, ಸಣ್ಣ ಹೊಟ್ಟೆ, ಇಂಧನ ಕಡಿಮೆ. ಅದಕ್ಕೆ 500 ಕೆ.ಜಿ. ಬಾಂಬ್ ಕಟ್ಟಿ, ಕಡಿದಾಗಿ ಕೆಳಗಿಳಿಸಿ ರನ್‌ವೇ ನಡುವೆ ಗುಂಡಿ ತೋಡಿಸಿದರು. ಪೂರ್ವದಲ್ಲಿದ್ದ ಪಾಕಿಸ್ತಾನಿ ಸೇಬರ್ ವಿಮಾನಗಳು ಆಮೇಲೆ ಮೇಲೇಳಲಿಲ್ಲ. ಕೆಟ್ಟದ್ದು ರನ್‌ವೇ, ವಿಮಾನಗಳು ಚೆನ್ನಾಗಿಯೇ ಇದ್ದವು.

ಇದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ನಮ್ಮ ಸೋಗಾನೆಯ ವಿಮಾನ ನಿಲ್ದಾಣ ನೆನಪಿಸಿಕೊಳ್ಳಿ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು, ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ರನ್‌ವೇ ಉದ್ದ ಮೂರು ಕಿಲೋಮೀಟರ್ ದಾಟುತ್ತದೆ. ನಿಂತು ನೋಡಿದರೆ ಇದಕ್ಕೆ ಗುರಿ ತಪ್ಪುವುದು ಹೇಗೆ ಅನಿಸುತ್ತದೆ. ಆದರೆ ಅಗಲ 45 ಮೀಟರ್. ಗಂಟೆಗೆ 800-900 ಕಿ.ಮೀ. ವೇಗದಲ್ಲಿರುವವನು ಒಂದು ಸೆಕೆಂಡಿನಲ್ಲಿ 200 ಮೀಟರಿಗೂ ಹೆಚ್ಚು ಸಾಗಿರುತ್ತಾನೆ. ಗುಂಡಿ ಒತ್ತುವುದು ಕಾಲು ಸೆಕೆಂಡ್ ತಡವಾದರೆ ಬಾಂಬ್ ರನ್‌ವೇ ಪಕ್ಕದ ಹುಲ್ಲಿನಲ್ಲಿ. ಕೆಳಗಿನಿಂದ ಗುಂಡು ಹಾರಿಸುತ್ತಿರುತ್ತಾರೆ ಎನ್ನುವುದನ್ನೂ ಸೇರಿಸಿಕೊಳ್ಳಿ.

ಅದೇ ಮಿಗ್-21ಗಳು ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನಕ್ಕೆ ರಾಕೆಟ್ ಹೊಡೆದವು. ಅಲ್ಲಿ ಸಭೆ ಇದೆ ಎಂಬ ಸುದ್ದಿ ಸಿಕ್ಕಿ, ಗುವಾಹಟಿಯಿಂದ ಹೊರಟ ಪೈಲಟ್‌ಗಳ ಕೈಗೆ ಸಿಕ್ಕಿದ್ದು ಪ್ರವಾಸಿಗರ ನಕ್ಷೆ. ಊರಿನ ನಡುವೆ ಒಂದು ಕಟ್ಟಡವನ್ನು ಅದರಲ್ಲೇ ಗುರುತಿಸಿ ಹೊಡೆದರು. ಗವರ್ನರ್ ಮಲಿಕ್ ಅಲ್ಲೇ ರಾಜೀನಾಮೆ ಬರೆದರು. ಎರಡು ದಿನಕ್ಕೆ ಶರಣಾಗತಿ. ಆ ಮಿಗ್-21 2025ರ ಸೆಪ್ಟೆಂಬರ್‌ವರೆಗೂ ನಮ್ಮಲ್ಲಿ ಸೇವೆಯಲ್ಲಿತ್ತು. ಅದು ಹುಟ್ಟಿದ್ದು ಯಾವುದಕ್ಕೆ, ದುಡಿದದ್ದು ಯಾವುದಕ್ಕೆ!

ರಾಜಸ್ಥಾನದ ಗಡಿಯ ಲೊಂಗೆವಾಲಾ ಕಾಳಗ ನಿಮಗೆಲ್ಲ ಗೊತ್ತು. 1971ರ ಡಿಸೆಂಬರ್ 5. ಅಲ್ಲಿ ಟ್ಯಾಂಕ್‌ಗಳನ್ನು ಹೊಡೆದ ಹಂಟರ್ ವಿಮಾನವೂ ಬ್ರಿಟನ್ನಿನಲ್ಲಿ 1951ರಲ್ಲಿ ಹಾರಿದಾಗ ಇಂಟರ್ಸೆಪ್ಟರ್ ಆಗಿತ್ತು. ಬಾಂಬರ್ ಒಡೆಯಲೆಂದು ಮೂಗಿನ ಕೆಳಗೆ ಇಟ್ಟಿದ್ದ ನಾಲ್ಕು 30 ಮಿ.ಮೀ. ಫಿರಂಗಿಗಳು ಮರುಭೂಮಿಯಲ್ಲಿ ಟ್ಯಾಂಕಿನ ಮೇಲೆ ಕೆಲಸಕ್ಕೆ ಬಂದವು, ಜೊತೆಗೆ ರಾಕೆಟ್. ರಾತ್ರಿ ಕಾಣುವ ಉಪಕರಣ ಅವುಗಳಲ್ಲಿ ಇರಲಿಲ್ಲ. ಹಾಗಾಗಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ಕಂಪನಿ ಬೆಳಗಾಗುವ ತನಕ ಹಿಡಿದು ನಿಲ್ಲಬೇಕಾಯಿತು. ಬೆಳಕು ಹರಿದ ಮೇಲೆ ಬಂದವರಿಗೆ ಎದುರು ಹಾರುವವರೇ ಇರಲಿಲ್ಲ. ಮೇಲಿನಿಂದ ಗುರಿ ತೋರಿಸುತ್ತಿದ್ದ ಪುಟ್ಟ ವಿಮಾನ ಕೃಷಕ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದದ್ದು. ಸಿನಿಮಾದವರು ಅದನ್ನು ಅಷ್ಟಾಗಿ ನೆನೆಯುವುದಿಲ್ಲ.

ಬೆಂಗಳೂರು ಅಂದೆನಲ್ಲ, ಮಾರುತ್ ವಿಮಾನದ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗೆ ನಿಂತಿದೆ, ಹೋದಾಗ ನೋಡಿ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬಂದು ನಮ್ಮವರ ಜೊತೆ ರೂಪಿಸಿದ ಎಚ್‌ಎಫ್-24. 1961ರ ಜೂನ್ 17ರಂದು ಹಾರಿತು. ಶಬ್ದಕ್ಕಿಂತ ಬಹಳ ವೇಗವಾಗಿ ಹಾರಿ ಆಕಾಶದಲ್ಲೂ ಕಾದಾಡಬೇಕು ಎಂಬ ಕನಸು. ಬೇಕಾದ ಎಂಜಿನ್ ಸಿಗಲೇ ಇಲ್ಲ. ಆರ್ಫಿಯಸ್ ಎಂಬ ಸಣ್ಣ ಎಂಜಿನ್ ಎರಡನ್ನು ಹಾಕಿ ಹಾರಿಸಿದರು. ಮೇಲೆ ಹೋಗಿ ಕಾದಾಡುವ ಕಸುವು ಅದಕ್ಕೆ ಬರಲಿಲ್ಲ. ಕೆಳಗೆ, ನೆಲಕ್ಕೆ ತಾಗುವಂತೆ ಓಡುವಾಗ ಮಾತ್ರ ಅಲುಗಾಡದೆ ನಿಲ್ಲುವ ಗಟ್ಟಿ ವಿಮಾನ. 1971ರಲ್ಲಿ ರಾಜಸ್ಥಾನ, ಸಿಂಧ್ ಕಡೆ ನೆಲದ ದಾಳಿಗೆ ಹೋಯಿತು. ಒಟ್ಟು 147 ಕಟ್ಟಿದರು. ತಕ್ಕ ಎಂಜಿನ್ ಇಲ್ಲದ್ದಕ್ಕೆ ನೆಲದ ಕೆಲಸಕ್ಕೆ ಬಂದದ್ದು ಅದು. ನಮ್ಮಲ್ಲಿ ಇದನ್ನು ಸೋಲು ಅನ್ನುವವರೇ ಹೆಚ್ಚು. ಯುದ್ಧದಲ್ಲಿ ಅದು ಮಾಡಿದ ಕೆಲಸ ನೋಡಿದರೆ ನನಗೆ ಹಾಗನ್ನಲು ಬಾಯಿ ಬರುವುದಿಲ್ಲ. ಸೋತದ್ದು ಎಂಜಿನ್ ವಿಚಾರದಲ್ಲಿ ನಮ್ಮ ತೀರ್ಮಾನಗಳು.

ಈಗ ಸ್ವಲ್ಪ ವಿಮಾನದ ಮೈಕಟ್ಟಿನ ಮಾತು.

ಗಾಳಿಯಲ್ಲಿ ಕಾದಾಡುವವನಿಗೆ ತಟ್ಟನೆ ತಿರುಗಬೇಕು. ಅದಕ್ಕೆ ರೆಕ್ಕೆ ದೊಡ್ಡದಿರಬೇಕು, ವಿಮಾನದ ತೂಕ ರೆಕ್ಕೆಯ ಮೇಲೆ ಹಗುರವಾಗಿ ಹರಡಬೇಕು. ಎಫ್-15ರ ರೆಕ್ಕೆ ಅಂಥದ್ದು. ಆದರೆ ನೆಲದ ಹತ್ತಿರ ಗಾಳಿ ದಟ್ಟ, ಮೇಲಾಗಿ ಗುಡ್ಡ ಕಣಿವೆಗಳ ಮೇಲೆ ಅದು ಒಂದೇ ಸಮನೆ ಹರಿಯುವುದಿಲ್ಲ. ಆಷಾಢದ ಗಾಳಿಮಳೆಯಲ್ಲಿ ಗದ್ದೆ ಬದುವಿನ ಮೇಲೆ ಕೊಡೆ ಬಿಚ್ಚಿಕೊಂಡು ಹೋಗುವವನನ್ನೂ, ಕಂಬಳಿ ಕೊಪ್ಪೆ ಹೊದ್ದು ಹೋಗುವವನನ್ನೂ ನೋಡಿದ್ದೀರಲ್ಲ? ಗಾಳಿ ಎಳೆದಾಡುವುದು ಕೊಡೆಯವನನ್ನು. ದೊಡ್ಡ ರೆಕ್ಕೆಯ ಫೈಟರ್ ನೆಲದ ಹತ್ತಿರ ವೇಗವಾಗಿ ಓಡಿದರೆ ಅದೇ ಪಾಡು. ಒಳಗಿರುವವನ ತಲೆ ಕುಲುಕಿ, ಮೀಟರ್ ಓದಲಾಗದಷ್ಟು ಅಲುಗಾಟ. ಅದಕ್ಕೇ ಕೆಳಗೆ ಓಡಲೆಂದು ಮಾಡಿದ ಜಾಗ್ವಾರ್‌ಗೆ ರೆಕ್ಕೆ ಗಿಡ್ಡ. ಅದು ಕಾದಾಟದಲ್ಲಿ ಚುರುಕಾಗಿ ತಿರುಗಲಾರದು, ಕೆಳಗೆ ಮಾತ್ರ ನೇರ ಓಡುತ್ತದೆ.

ಇನ್ನು ನಾವು ಏರಿಸುವ ಬಾಂಬ್. ಅದು ಹೊರಗೆ ನೇತಾಡುವ ಸಾಮಾನು. ಗಾಳಿಗೆ ಅಡ್ಡ, ಇಂಧನ ಹೆಚ್ಚು ಬೇಕು, ತಿರುವಿಗೆ ಮಿತಿ. ಹೊರೆ ಹೊತ್ತವನ ಮೇಲೆ ಶತ್ರು ವಿಮಾನ ಬಿದ್ದರೆ ಅವನಿಗಿರುವ ದಾರಿ ಒಂದು ಗುಂಡಿ ಒತ್ತಿ ಬಾಂಬ್, ಇಂಧನದ ಟ್ಯಾಂಕ್ ಎಲ್ಲ ಉದುರಿಸಿ ಹಗುರಾಗುವುದು. ಉದುರಿಸಿದ ಎಂದರೆ, ಎದುರಾಳಿ ಒಂದು ಗುಂಡೂ ಹಾರಿಸದೆ ಗೆದ್ದಂತೆ. ಗುರಿ ಉಳಿಯಿತಲ್ಲ! ನೆಲದ ದಾಳಿಗೆ ಹೋಗುವ ತಂಡದ ಜೊತೆ ಬೆಂಗಾವಲು ಯಾಕೆ ಎನ್ನುವುದಕ್ಕೆ ಇದೇ ಉತ್ತರ. ವಾಯು ಪ್ರಾಬಲ್ಯದ, ಅಂದರೆ ಆಕಾಶದ ಒಡೆತನ ಗಳಿಸಲೆಂದು ಕಟ್ಟಿದ, ಫೈಟರ್‌ಗೆ ಬಾಂಬ್ ಕಟ್ಟುವುದರ ಲಾಭವೂ ಇಲ್ಲೇ: ಉದುರಿಸಿದ ಮರುಕ್ಷಣ ಅದು ತಿರುಗಿ ಬಿದ್ದು ಕಾದಬಲ್ಲದು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಕಥೆ ಇದಕ್ಕೆ ತಿರುಗುಮುರುಗು. 1965ರ ಸೆಪ್ಟೆಂಬರ್ 7, ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ. ಅವರದು ಮಿಸ್ತೇರ್, ಶಬ್ದದ ವೇಗದ ಆಸುಪಾಸಿನ, ನೆಲದ ದಾಳಿಗೆ ಹೊರಟಿದ್ದ ವಿಮಾನ. ಅಟ್ಟಿಸಿಕೊಂಡು ಬಂದದ್ದು ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್, ಆ ಕಾಲದ ಹೆಸರಾಂತ ಇಂಟರ್ಸೆಪ್ಟರ್. ಪೆಟ್ಟು ತಿಂದ ಮಿಸ್ತೇರ್‌ನಲ್ಲೇ ದೇವಯ್ಯ ತಿರುಗಿ ನಿಂತು ಅದನ್ನು ಕೆಡವಿದರು. ಅವರು ಮರಳಲಿಲ್ಲ. ಪಾಕಿಸ್ತಾನದ ಕಡೆಯ ವಿವರ ಹೊರಬಂದ ಮೇಲಷ್ಟೇ ನಮಗೆ ನಡೆದದ್ದು ತಿಳಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ! ಅದರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ, ಬಿಡಿ.

ನನ್ನ ಪ್ರಕಾರ ಈ ವಿಷಯದ ತಿರುಳು ಇರುವುದು ಕಾರ್ಗಿಲ್‌ನಲ್ಲಿ. ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

1999ರ ಮೇ 26ಕ್ಕೆ ವಾಯುಪಡೆ ಇಳಿಯಿತು. ಮರುದಿನವೇ ಒಂದು ಮಿಗ್-27, ಒಂದು ಮಿಗ್-21 ಕಳೆದುಕೊಂಡೆವು. ಅದರ ಮರುದಿನ ಒಂದು ಎಂಐ-17 ಹೆಲಿಕಾಪ್ಟರ್. ಹೆಗಲ ಮೇಲಿಟ್ಟು ಹೊಡೆಯುವ ಸಣ್ಣ ಕ್ಷಿಪಣಿ ಹಿಡಿದು ಕೂತವರು ಶಿಖರದ ತುದಿಯಲ್ಲಿದ್ದರು. ಬಯಲಿನಲ್ಲಾದರೆ ನೆಲದಿಂದ ಐದು ಕಿಲೋಮೀಟರ್ ಮೇಲೆ ಇದ್ದವನು ಸುರಕ್ಷಿತ. ಅಲ್ಲಿ ನೆಲವೇ ಐದು ಕಿಲೋಮೀಟರ್ ಎತ್ತರದಲ್ಲಿದೆ. ವಿಮಾನ ಇನ್ನೂ ಮೇಲೆ ಹೋಗಬೇಕು, ಅಲ್ಲಿಂದ ಬಂಕರ್ ಕಣ್ಣಿಗೆ ಕಾಣುವುದಿಲ್ಲ. ಗಾಳಿ ತೆಳುವಾದ್ದರಿಂದ ಬಾಂಬಿಗೆ ತಡೆ ಕಡಿಮೆ, ಲೆಕ್ಕ ಹಾಕಿದ ಜಾಗ ದಾಟಿ ಬೀಳುತ್ತದೆ. ಗುರಿ ಹಿಡಿಯುವ ಯಂತ್ರಗಳ ಲೆಕ್ಕವನ್ನು ಅಂಥ ಎತ್ತರಕ್ಕೆಂದು ಮಾಡಿರಲಿಲ್ಲ. ಇನ್ನೊಂದು, ಗುಡ್ಡದವರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ: ಏಣಿನ ಮೇಲಿನ ಗುರಿಯನ್ನು ನಾಲ್ಕು ಮಾರು ತಪ್ಪಿದರೆ ಬಾಂಬ್ ನಾಲ್ಕು ಮಾರು ಆಚೆ ಬೀಳುವುದಿಲ್ಲ. ಕೆಳಗಿನ ಕಣಿವೆಗೆ ಹೋಗುತ್ತದೆ. ಇಷ್ಟರ ಮೇಲೆ, ನಿಯಂತ್ರಣ ರೇಖೆ ದಾಟಬಾರದೆಂಬ ಸರ್ಕಾರದ ಅಪ್ಪಣೆ.

ಆಗ ಗ್ವಾಲಿಯರ್‌ನ ಮಿರಾಜ್ 2000 ಬಂತು. 1985ರಲ್ಲಿ ನಮ್ಮಲ್ಲಿಗೆ ಬಂದಾಗ ಅದನ್ನು ಮುಖ್ಯವಾಗಿ ವಾಯು ರಕ್ಷಣೆಯ ಫೈಟರ್ ಆಗಿ ನೋಡುತ್ತಿದ್ದರು. ಅದರ ಹೊಟ್ಟೆಗೆ ಲೈಟನಿಂಗ್ ಎಂಬ ಇಸ್ರೇಲಿ ಪಾಡ್ ಕಟ್ಟಿದರು. ಅದರಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಕ್ಯಾಮೆರಾ ಇದೆ, ಲೇಸರ್ ಇದೆ. ಗುರಿಯ ಮೇಲೆ ಲೇಸರ್ ಬೆಳಕು ಹಿಡಿದರೆ, ಬಾಂಬಿನ ಮೂಗಿನಲ್ಲಿರುವ ಕಣ್ಣು ಆ ಬೆಳಕನ್ನು ಹಿಡಿದುಕೊಂಡು ಇಳಿಯುತ್ತದೆ. ಬಾಂಬ್ ಹೊಸದಲ್ಲ. ಸಾಮಾನ್ಯ 1,000 ಪೌಂಡ್ ಬಾಂಬಿಗೇ ಮುಂದೊಂದು ಕಿಟ್, ಹಿಂದೊಂದು ರೆಕ್ಕೆ ಜೋಡಿಸಿದ್ದು. ನಮ್ಮ ಟ್ರೇಡಿನವರು ಆ ದಿನಗಳಲ್ಲಿ ಹಗಲು ರಾತ್ರಿ ನೋಡಲಿಲ್ಲ. ನಾನು ಆಗ ಬೇರೆ ನೆಲೆಯಲ್ಲಿದ್ದೆ, ಆ ಹೆಮ್ಮೆ ನನ್ನದಲ್ಲ. ಜೂನ್ 17ರಂದು ಮುಂಥೋ ಧಾಲೋದ ಸರಬರಾಜು ಶಿಬಿರ, ಜೂನ್ 24ರಂದು ಲೇಸರ್ ಬಾಂಬಿನಿಂದ ಟೈಗರ್ ಹಿಲ್. ಇಡೀ ಯುದ್ಧದಲ್ಲಿ ಹಾಕಿದ ಲೇಸರ್ ಬಾಂಬ್‌ಗಳು ಬೆರಳೆಣಿಕೆಯಷ್ಟು. ಮಾಮೂಲಿ ಬಾಂಬುಗಳೇ ಹೆಚ್ಚು. ಟಿ.ವಿ.ಯಲ್ಲಿ ಮತ್ತೆ ಮತ್ತೆ ತೋರಿಸುವುದು ಆ ಬೆರಳೆಣಿಕೆಯನ್ನು. ಮತ್ತೆ, ಟೈಗರ್ ಹಿಲ್ ಹತ್ತಿ ಗೆದ್ದವರು ಕಾಲಾಳುಗಳು, ಜುಲೈ 4ರಂದು. ವಿಮಾನದಿಂದ ಗುಡ್ಡ ಗೆಲ್ಲಲಾಗುವುದಿಲ್ಲ.

ಅದೇ ಯುದ್ಧದಲ್ಲಿ ಮಿಗ್-29ಗಳು ಮೇಲೆ ಕಾವಲು ಕಾಯುತ್ತಿದ್ದವು. ಆಗ ಅವು ಅಪ್ಪಟ ಆಗಸದ ವಿಮಾನ. ನೆಲದ ನಿಖರ ದಾಳಿಗೆ ಬೇಕಾದ ಪಾಡ್ ಆಗಲಿ, ಅಸ್ತ್ರವಾಗಲಿ ಇರಲಿಲ್ಲ. ಎದುರು ಪಕ್ಷದವರು ರೇಖೆ ದಾಟಿ ಬರಲಿಲ್ಲ, ಇವು ಸುತ್ತಿ ಸುತ್ತಿ ಇಳಿದವು. ಸುಮ್ಮನೆ ಸುತ್ತಿದವು ಎನ್ನಬೇಡಿ, ಇವು ಮೇಲಿದ್ದುದಕ್ಕೇ ಅವರು ಬರಲಿಲ್ಲ. ಆದರೂ ಮುಂದೆ ಅವನ್ನು ಮೇಲ್ದರ್ಜೆಗೆ ಏರಿಸುವಾಗ ನೆಲದ ದಾಳಿಯ ಶಕ್ತಿಯನ್ನೂ ಸೇರಿಸಿದರು. ಕಾರ್ಗಿಲ್‌ನ ಪಾಠ ಅದು.

ಲೇಸರ್‌ಗೆ ಒಂದು ದೊಡ್ಡ ಕೊರತೆ. ಮೋಡ. ಆಗುಂಬೆ ಕಡೆಯಿಂದ ಯಾರಾದರೂ ಬಂದಿದ್ದೀರಾ? ನಿಮ್ಮ ಊರಿನ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೇಸರ್ ಬಾಂಬ್ ಹಾಕುವುದು ಕನಸಿನ ಮಾತು. ಬೆಳಕು ಮೋಡದೊಳಗೆ ಹೋಗಿ ಚೆದುರುತ್ತದೆ. ಇರಾಕ್, ಕೊಸೊವೊ ಎರಡೂ ಕಡೆ ಮೋಡದಿಂದಾಗಿ ವಿಮಾನಗಳು ಬಾಂಬ್ ಹಾಕದೆ ಮರಳಿದ್ದುಂಟು. ಉಪಗ್ರಹದ ಸಂಕೇತ ಹಿಡಿದು ಇಳಿಯುವ ಜೆಡ್ಯಾಮ್ ಬಾಂಬ್‌ಗಳು ಬಂದದ್ದು ಈ ಕಷ್ಟಕ್ಕೆ. ಅದಕ್ಕೆ ಬೇಕಾದದ್ದು ಗುರಿಯ ಅಕ್ಷಾಂಶ, ರೇಖಾಂಶ. ಪೈಲಟ್‌ಗೆ ಗುರಿ ಕಾಣಬೇಕೆಂದೇನೂ ಇಲ್ಲ.

ಅಲ್ಲಿಂದ ಮುಂದೆ ಕಥೆ ಬಹಳ ಬದಲಾಯಿತು. ಬಾಂಬೇ ದಾರಿ ನೋಡಿಕೊಳ್ಳುವುದಾದರೆ ಕೆಳಗಿಳಿಯುವ ವಿಮಾನ ಯಾಕೆ? ಎತ್ತರಕ್ಕೆ ಹೋಗಬಲ್ಲ, ವೇಗವಿರುವ, ಒಳ್ಳೆಯ ರೇಡಾರ್ ಇರುವ, ಹೆಚ್ಚು ಭಾರ ಹೊರುವ ವಿಮಾನ ಸಾಕು. ಇವೆಲ್ಲ ಯಾರ ಗುಣ? ವಾಯು ಪ್ರಾಬಲ್ಯದ ಫೈಟರ್‌ದೇ. ಎತ್ತರದಿಂದ, ವೇಗದಿಂದ ಬಿಟ್ಟ ಬಾಂಬ್ ದೂರವೂ ಹೋಗುತ್ತದೆ. ಹಾಗಾಗಿ ಎಫ್-22 ಎಂಬ ವಿಮಾನ, ಬೇರೆ ವಿಮಾನಗಳನ್ನು ಹೊಡೆಯಲೆಂದೇ ಅಷ್ಟೊಂದು ದುಡ್ಡು ಸುರಿದು ಕಟ್ಟಿದ್ದು, 2014ರ ಸೆಪ್ಟೆಂಬರ್‌ನಲ್ಲಿ ಸಿರಿಯಾದಲ್ಲಿ ಮೊದಲ ಸಲ ಯುದ್ಧಕ್ಕಿಳಿದಾಗ ಮಾಡಿದ್ದು ಒಂದು ಕಟ್ಟಡಕ್ಕೆ ಬಾಂಬ್ ಹಾಕುವ ಕೆಲಸ. ಗಾಳಿಯಲ್ಲಿ ಅದರ ಮೊದಲ ಬೇಟೆ 2023ರ ಫೆಬ್ರವರಿಯಲ್ಲಿ. ಅದೂ ಬಲೂನು. (ನಗಬೇಡಿ, ಆ ಬಲೂನು ಬಹಳ ಎತ್ತರದಲ್ಲಿತ್ತು.)

ನಮ್ಮ ಸುಖೋಯ್-30 ಎಂಕೆಐ ಕೂಡ ಸು-27 ಎಂಬ ಅಪ್ಪಟ ಆಗಸದ ಫೈಟರ್‌ನ ಸಂತತಿ. 2017ರ ನವೆಂಬರ್‌ನಲ್ಲಿ ಅದರ ಹೊಟ್ಟೆಯ ಕೆಳಗಿನಿಂದ ಬ್ರಹ್ಮೋಸ್ ಹಾರಿಸಿದರು. ಎರಡೂವರೆ ಟನ್ ತೂಕದ ಕ್ಷಿಪಣಿ, ಒಂದು ವಿಮಾನಕ್ಕೆ ಒಂದೇ. ಅದಕ್ಕಾಗಿ ವಿಮಾನದ ಹೊಟ್ಟೆಯನ್ನು ಗಟ್ಟಿ ಮಾಡಬೇಕಾಯಿತು.

ಎಲ್ಲ ಸರಿ, ಹಾಗಾದರೆ ನಷ್ಟ ಎಲ್ಲಿ? ನಷ್ಟ ಪೈಲಟ್‌ನ ದಿನದಲ್ಲಿದೆ. ವಿಮಾನಕ್ಕೆ ತಂತಿ ಎಳೆಯಬಹುದು, ಪಾಡ್ ಕಟ್ಟಬಹುದು, ಸಾಫ್ಟ್‌ವೇರ್ ಬದಲಿಸಬಹುದು. ಪೈಲಟ್‌ನ ದಿನಕ್ಕೆ ಇಪ್ಪತ್ತೈದನೇ ಗಂಟೆ ಸೇರಿಸಲಾಗದು. ಕಾದಾಟದ ಅಭ್ಯಾಸಕ್ಕೆ ಹೋಗಬೇಕಿದ್ದ ಹಾರಾಟ ಬಾಂಬ್ ಅಭ್ಯಾಸಕ್ಕೆ ಹೋಗುತ್ತದೆ. ಎರಡರಲ್ಲೂ ಸುಮಾರಾದವನು ಎರಡರಲ್ಲೂ ಸಾಯಬಹುದು. ನೆಲದ ದಾಳಿಯಲ್ಲಿ ಒಂದು ವಿಚಿತ್ರ ಅಪಾಯವಿದೆ: ಗುರಿಯನ್ನೇ ದಿಟ್ಟಿಸುತ್ತ ಇಳಿದವನು ಮೇಲೇಳುವುದನ್ನೇ ಮರೆತು ನೆಲಕ್ಕೆ ಬಡಿಯುತ್ತಾನೆ. ಬರೀ ಕಾದಾಟ ಕಲಿತವನಿಗೆ ಇದು ಮೈಗೆ ಹತ್ತಿರುವುದಿಲ್ಲ. ಹಿಂದಿನ ಸೀಟಿನಲ್ಲಿ ಇನ್ನೊಬ್ಬರನ್ನು ಕೂರಿಸುವುದರಿಂದ ಒಂದಷ್ಟು ಹೊರೆ ಇಳಿಯುತ್ತದೆ. ಎಫ್-15ಇ, ಸುಖೋಯ್ ಎರಡರಲ್ಲೂ ಇಬ್ಬರು ಇರುವುದು ಸುಮ್ಮನೆ ಅಲ್ಲ.

ಇಷ್ಟು ನನ್ನ ಮಾತು. ಮುಂದಿನದು ಸಭೆಯಲ್ಲಿ ಬಂದ ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: “ಅಲ್ಲ ಸ್ವಾಮಿ, ಬಾಂಬ್ ಹಾಕಲಿಕ್ಕೆಂದೇ ಮಾಡಿದ ವಿಮಾನ ಇಟ್ಟುಕೊಂಡರೆ ಈ ರಗಳೆಯೇ ಇಲ್ಲವಲ್ಲ?”

ಇಟ್ಟುಕೊಂಡಿದ್ದೆವು ಸಾರ್. ಮಿಗ್-27 ಅಂಥದ್ದು, 2019ರ ಡಿಸೆಂಬರ್‌ನಲ್ಲಿ ಜೋಧಪುರದಲ್ಲಿ ವಿದಾಯ ಹೇಳಿದೆವು. ಜಾಗ್ವಾರ್ ಉಳಿದಿದೆ, ಬೇರೆ ಯಾವ ದೇಶವೂ ಈಗ ಅದನ್ನು ಹಾರಿಸುತ್ತಿಲ್ಲ. ನಮಗೆ ಮಂಜೂರಾದದ್ದು 42 ಸ್ಕ್ವಾಡ್ರನ್ (ಯುದ್ಧವಿಮಾನಗಳ ತಂಡ), ಇರುವುದು 30ರ ಆಸುಪಾಸು. ಇಷ್ಟರಲ್ಲಿ ಒಂದೇ ಕೆಲಸದ ವಿಮಾನ ಇಟ್ಟುಕೊಳ್ಳುವುದು ಸಿರಿವಂತರ ಚಾಳಿ. ನನ್ನ ಮನಸ್ಸಿಗೆ ಹಿಡಿಸದಿದ್ದರೂ ಲೆಕ್ಕ ಹಾಗೇ ಹೇಳುತ್ತದೆ.

ಒಬ್ಬ ಹುಡುಗ: “ಸರ್, ಇನ್ನು ಡ್ರೋನ್ ಬಂತಲ್ಲ, ಫೈಟರ್ ಯಾಕೆ?”

ಎದುರಾಳಿಗೆ ಒಳ್ಳೆಯ ಫೈಟರ್ ಮತ್ತು ಕ್ಷಿಪಣಿ ಇರುವಲ್ಲಿ ನಿಧಾನಕ್ಕೆ ಹಾರುವ ದೊಡ್ಡ ಡ್ರೋನ್ ಬಹಳ ಹೊತ್ತು ಬಾಳುವುದಿಲ್ಲ. ಅದೂ ಯಾರೋ ಆಕಾಶ ಕಾದುಕೊಟ್ಟಾಗಲೇ ನೆಮ್ಮದಿಯಾಗಿ ಸುತ್ತುತ್ತದೆ. ಸಣ್ಣವು, ಅಗ್ಗದವು, ಹಿಂಡಾಗಿ ಬರುವವು ಬೇರೆ ಮಾತು. ಅದಕ್ಕೆ ಇನ್ನೊಂದು ದಿನ ಬೇಕು, ಹೇಳುವವರೂ ಬೇರೆ ಬೇಕು.

ಕೊನೆಗೆ ಮುಂದಿನ ಸಾಲಿನ ಹುಡುಗಿ ಕೇಳಿದ್ದು ನನಗೆ ತುಂಬ ಇಷ್ಟವಾಯಿತು: “ಬಾಂಬ್ ಹಾಕದೇ ವಾಪಸ್ ಬಂದರೆ ಏನು ಮಾಡ್ತೀರಿ ಅಂಕಲ್?”

ಅದು ನಮ್ಮ ಕೆಲಸವಮ್ಮ. ಇಳಿಯುವ ತೂಕಕ್ಕೆ ಮಿತಿ ಇದೆ. ಅದರೊಳಗಿದ್ದರೆ ಬಾಂಬ್ ಸಮೇತ ಇಳಿಯುತ್ತಾರೆ, ಮೀರಿದ್ದರೆ ಗೊತ್ತುಮಾಡಿದ ಜಾಗದಲ್ಲಿ ಸಿಡಿಯದಂತೆ ಉದುರಿಸಿ ಬರುತ್ತಾರೆ. ಪೈಲಟ್ ಗುಂಡಿ ಒತ್ತಿಯೂ ಬಾಂಬ್ ಬೀಳದೆ ಅಲ್ಲೇ ಸಿಕ್ಕಿಕೊಂಡಿರುವುದೂ ಉಂಟು. ಅಂಥ ವಿಮಾನವನ್ನು ಉಳಿದವುಗಳಿಂದ ದೂರ, ಮೂತಿ ಬಯಲಿನ ಕಡೆ ಇರುವಂತೆ ನಿಲ್ಲಿಸುತ್ತೇವೆ. ಎಲ್ಲರನ್ನೂ ಹಿಂದೆ ಕಳಿಸಿ ನಮ್ಮ ಟ್ರೇಡಿನವರು ಮಾತ್ರ ಹತ್ತಿರ ಹೋಗುತ್ತೇವೆ. ಪೈಲಟ್ ಎರಡೂ ಕೈ ನಮಗೆ ಕಾಣುವಂತೆ ಮೇಲೆ ಹಿಡಿದಿರಬೇಕು, ಒಳಗಿನ ಯಾವ ಸ್ವಿಚ್ಚನ್ನೂ ಮುಟ್ಟಕೂಡದು. ಮೊದಲು ರ್‍ಯಾಕ್‌ಗೆ ಪಿನ್, ಆಮೇಲೆ ಫ್ಯೂಜ್ ನೋಡುವುದು. ಪಿನ್ ಒಳಗೆ ಹೋಗದಿದ್ದರೆ? ತಳ್ಳಬಾರದು. ಹಿಂದೆ ಬಂದು ಹಿರಿಯರನ್ನು ಕರೆಯಬೇಕು.